ಚೆಸ್ ಆಡೋರೆಲ್ಲ ಶಾಣ್ಯಾರೇನು?

ನಮ್ಮ ಗದಗ ಕಡೆ ಬುದ್ಧಿವಂತರಿಗೆ ‘ಶಾಣ್ಯಾ’ ಅನ್ನುತ್ತಾರೆ. ಹುಡುಗಿಯಾದರೆ ‘ಶಾಣ್ಯಾಕಿ’. ಈ ಬಿರುದು ಸುಲಭಕ್ಕೆ ಸಿಗುವಂಥದ್ದಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತರ ಮೇಲೆ ಬರಬೇಕು, ಇಲ್ಲವೇ ಪಿಯುಸಿಗೆ ಸೈನ್ಸ್ ತೆಗೆದುಕೊಳ್ಳಬೇಕು, ಅದೂ ಇಲ್ಲವೆಂದರೆ ಸರ್ಕಾರಿ ನೌಕರಿ ಹಿಡಿಯಬೇಕು. ನಾನು ಕಾಮರ್ಸ್ ಓದಿದವಳು, ಅಂಕಗಳು ಹೇಳಿಕೊಳ್ಳುವಂಥವಲ್ಲ, ನೌಕರಿ ಇನ್ನೂ ಸಿಕ್ಕಿಲ್ಲ. ಆದರೂ ಹನ್ನೆರಡನೇ ವಯಸ್ಸಿನಿಂದ ಆ ಬಿರುದು ನನಗೆ ಪುಕ್ಕಟೆಯಾಗಿ ಸಿಕ್ಕಿದೆ. ಕಾರಣ ಒಂದೇ, ನಾನು ಚೆಸ್ ಆಡುತ್ತೇನೆ.

ಕಬಡ್ಡಿ ಆಡುವ ಗೆಳತಿಯನ್ನು ಜನ ‘ಗಟ್ಟಿಗಿತ್ತಿ’ ಅನ್ನುತ್ತಾರೆ, ಅಷ್ಟೇ. ಕೇರಂನಲ್ಲಿ ಯಾರಿಗೂ ಸೋಲದ ನನ್ನ ತಮ್ಮನಿಗೆ ಅದೂ ಇಲ್ಲ, ‘ಓದೂದು ಬಿಟ್ಟು ಅದರ ಮುಂದನ ಕುಂತಿರ್ತಾನ’ ಎಂಬ ಬೈಗುಳ. ಆದರೆ ಚೆಸ್ ಬೋರ್ಡಿನ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತರೆ ಸಾಕು, ತಲೆಯೊಳಗೆ ಏನೋ ದೊಡ್ಡದು ನಡೆದಿದೆ ಎಂದು ಎಲ್ಲರೂ ನಂಬಿಬಿಡುತ್ತಾರೆ. ಸಿನಿಮಾದವರೂ ಇದಕ್ಕೆ ನೀರೆರೆದಿದ್ದಾರೆ. ವಿಲನ್ ಮಹಾ ಜಾಣ ಎಂದು ತೋರಿಸಬೇಕಾದರೆ ಅವನ ಮುಂದೆ ಒಂದು ಚೆಸ್ ಬೋರ್ಡ್ ಇಡುತ್ತಾರೆ. (ಎಷ್ಟೋ ಸಲ ಆ ಬೋರ್ಡನ್ನೇ ತಿರುಗಿಸಿ ಇಟ್ಟಿರುತ್ತಾರೆ. ಆಟಗಾರನ ಬಲಗೈ ಮೂಲೆಯಲ್ಲಿ ಬಿಳಿ ಮನೆ ಇರಬೇಕು ಎಂಬುದು ಮೊದಲ ದಿನದ ಪಾಠ.)

ಈಗ ನಾನು ಧಾರವಾಡದಲ್ಲಿ ಪಿ.ಜಿ.ಯೊಂದರಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ರೂಮಿನಲ್ಲಿ ನಾಲ್ವರಿದ್ದೇವೆ. ರೈಲು ಪ್ಲಾಟ್‌ಫಾರ್ಮ್ ದಾಟುವ ಲೆಕ್ಕ, ನಲ್ಲಿ-ತೊಟ್ಟಿಯ ಲೆಕ್ಕ, ರಕ್ತಸಂಬಂಧದ ಒಗಟು ಯಾವುದೇ ಬರಲಿ, ಪುಸ್ತಕ ನನ್ನ ಕಡೆ ಸರಿಯುತ್ತದೆ: ‘ನೀ ಮಾಡಿಕೊಡವಾ, ಚೆಸ್ ಆಡಾಕಿ.’ ಬಿಡಿಸಿದರೆ ‘ಚೆಸ್ ಆಡ್ತಾಳ, ಅದಕ್ಕ ಬಂತು’. ಬಿಡಿಸದಿದ್ದರೆ ‘ಚೆಸ್ ಆಡಾಕಿಯಾಗಿ ಇಷ್ಟೂ ಬರಂಗಿಲ್ಲೇನ?’ ಮೊದಲನೆಯದರಲ್ಲಿ ನನ್ನ ಓದಿಗೆ ಬೆಲೆಯಿಲ್ಲ, ಎರಡನೆಯದರಲ್ಲಿ ಮರ್ಯಾದೆಯೇ ಇಲ್ಲ.

ಇದು ಬರೀ ತಮಾಷೆಯಾಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ಎರಡು ವರ್ಷದಿಂದ ಶನಿವಾರ ಮತ್ತು ಭಾನುವಾರ ಮಕ್ಕಳಿಗೆ ಚೆಸ್ ಹೇಳಿಕೊಡುತ್ತಿದ್ದೇನೆ. ರೂಮಿನ ಬಾಡಿಗೆ, ಮೆಸ್ಸಿನ ದುಡ್ಡು ಅದರಿಂದಲೇ ಬರಬೇಕು. ಹೊಸದಾಗಿ ಸೇರಿಸಲು ಬರುವ ತಂದೆ-ತಾಯಿ ಕೇಳುವ ಮೊದಲ ಪ್ರಶ್ನೆ ‘ಫೀ ಎಷ್ಟ್ರಿ?’, ಎರಡನೆಯದು ‘ಚೆಸ್ ಕಲಿತರ ಶಾಣ್ಯಾ ಆಗ್ತಾನಲ್ರಿ ಮೇಡಂ?’. ಎರಡನೆಯದಕ್ಕೆ ನಾನು ಕೊಡುವ ಉತ್ತರದ ಮೇಲೆ ಮೊದಲನೆಯದು ನಿಂತಿದೆ. ಹಾಗಾಗಿ ಈ ವಿಷಯ ನನಗೆ ಹೊಟ್ಟೆಪಾಡಿನದು. ಅದಕ್ಕೇ ಸಿಕ್ಕಷ್ಟು ಓದಿದೆ, ಕಂಡಷ್ಟು ಯೋಚಿಸಿದೆ.

ನನಗೆ ಚೆಸ್ ಕಲಿಸಿದವರು ಅಪ್ಪ. ಅವರು ಸಾರಿಗೆ ಬಸ್ಸಿನ ಕಂಡಕ್ಟರ್. ಅವರು ಕಲಿತದ್ದು ಡಿಪೋದ ವಿಶ್ರಾಂತಿ ಕೋಣೆಯಲ್ಲಿ, ಡ್ಯೂಟಿ ಮುಗಿಸಿ ಮುಂದಿನ ಬಸ್ಸಿಗೆ ಕಾಯುವ ಹೊತ್ತಿನಲ್ಲಿ. ಅಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದವರು ಒಬ್ಬ ಮೆಕ್ಯಾನಿಕ್. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಎಸ್ಸೆಸ್ಸೆಲ್ಸಿ ದಾಟಿದವರಲ್ಲ. ಕೈಗೆ ಗ್ರೀಸ್ ಹತ್ತಿದ್ದರಿಂದ ಕಾಯಿ ಮುಟ್ಟದೆ, ‘ಕುದುರಿ ಅಲ್ಲಿಡು, ಒಂಟಿ ತಗಿ’ ಎಂದು ಬಾಯಲ್ಲೇ ಹೇಳಿ ಗೆಲ್ಲುತ್ತಿದ್ದರು. ಯಾವ ಪುಸ್ತಕವನ್ನೂ ಓದದ ಅವರು ಆಟದ ಕೊನೆಯಲ್ಲಿ ರಾಜ ಮತ್ತು ಒಂದು ಕಾಲಾಳನ್ನು ಇಟ್ಟುಕೊಂಡು ಮಾಡುತ್ತಿದ್ದ ಆಟ, ನಾನು ವಿಶ್ವವಿದ್ಯಾಲಯದ ತಂಡದಲ್ಲಿ ಆಡುವಾಗ ಕಂಡ ಹಲವರಿಗಿಂತ ಚೆನ್ನಾಗಿತ್ತು.

ಇದೇ ಕಾಕಾ ಪರಿಚಯದವರೊಬ್ಬರ ಸಾಲಕ್ಕೆ ಜಾಮೀನು ಹಾಕಿದರು. ಆ ಮನುಷ್ಯ ಕಂತು ಕಟ್ಟಲಿಲ್ಲ. ವರ್ಷಗಟ್ಟಲೆ ಕಾಕಾನ ಸಂಬಳದಿಂದ ಹಣ ಕಡಿತವಾಯಿತು. ಅವರ ಹಿರಿಮಗಳ ಮದುವೆ ಎರಡು ವರ್ಷ ಮುಂದಕ್ಕೆ ಹೋಯಿತು. ಡಿಪೋದಲ್ಲಿ ಜನ ಆಡಿಕೊಂಡರು: ‘ಬೋರ್ಡಿನ ಮ್ಯಾಲೆ ಐದು ನಡಿ ಮುಂದ ಕಾಣ್ತದ, ಕಾಗದದ ಮ್ಯಾಲೆ ಒಂದೂ ಕಾಣಲಿಲ್ಲ.’ ಕಾಲೇಜಿಗೆ ಹೋಗುವಾಗ ಒಮ್ಮೆ ನಾನೇ ಕೇಳಿದೆ, ‘ಕಾಕಾ, ಅವ ಕಟ್ಟಂಗಿಲ್ಲ ಅಂತ ನಿಮಗ ಹೊಳಿಲಿಲ್ಲೇನು?’ ಅವರು ನಕ್ಕು ಹೇಳಿದ್ದು ಇಷ್ಟೇ: ‘ಹೊಳೀದ ಏನು ಯವ್ವಾ, ಎಲ್ಲಾ ಗೊತ್ತಿತ್ತು. ಮನಿಗೆ ಬಂದು ಕುಂತಾನ, ಹೆಂಗ ಇಲ್ಲ ಅನ್ನೂದು?’

ಆ ಮಾತು ನನ್ನನ್ನು ಬಿಟ್ಟಿಲ್ಲ. ನಾವು ‘ಮುಂದಾಲೋಚನೆ’ ಎಂಬ ಒಂದೇ ಪದದಲ್ಲಿ ಬೇರೆಬೇರೆ ಸಂಗತಿಗಳನ್ನು ಕಟ್ಟಿಹಾಕುತ್ತೇವೆ. ಮುಂದೆ ಏನಾಗುತ್ತದೆ ಎಂದು ಕಾಣುವುದು ಒಂದು. ಕಂಡ ಮೇಲೆ ಎದುರಿಗೆ ಕೂತವನ ಮುಖ ನೋಡಿ ‘ಆಗೋದಿಲ್ಲ’ ಎನ್ನುವುದು ಇನ್ನೊಂದು. ಚೆಸ್‌ನಲ್ಲಿ ಎದುರಿಗೆ ಕೂತವನು ಎದುರಾಳಿ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಅವನ ಮಂತ್ರಿಯನ್ನು ಹೊಡೆದರೆ ಯಾರಿಗೂ ಬೇಸರವಿಲ್ಲ. ಮನೆಗೆ ಬಂದು ಚಹಾ ಕುಡಿಯುತ್ತ ಕೂತವನು ಎದುರಾಳಿಯೋ ಗೆಳೆಯನೋ ಎಂದು ಹೇಳುವ ಬೋರ್ಡ್ ಎಲ್ಲಿದೆ?

ಹಾಗಾದರೆ ಚೆಸ್ ಆಟಗಾರನ ತಲೆಯಲ್ಲಿ ಇರುವುದೇನು? ಇದನ್ನು ಗಂಭೀರವಾಗಿ ಹುಡುಕಿದ ಮೊದಲಿಗರಲ್ಲಿ ಒಬ್ಬರು ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್. ಸ್ವತಃ ಒಳ್ಳೆಯ ಆಟಗಾರ, ದೇಶದ ಪರವಾಗಿ ಒಲಿಂಪಿಯಾಡ್‌ನಲ್ಲಿ ಆಡಿದವರು. ಅಂದಿನ ದೊಡ್ಡ ಆಟಗಾರರ ಮುಂದೆ ಒಂದು ಪಂದ್ಯದ ನಡುವಿನ ಸ್ಥಿತಿಯನ್ನಿಟ್ಟು, ‘ಯೋಚಿಸುವುದನ್ನೆಲ್ಲ ಜೋರಾಗಿ ಹೇಳುತ್ತಾ ಹೋಗಿ’ ಎಂದು ಕೇಳಿದರು. ಗ್ರ್ಯಾಂಡ್‌ಮಾಸ್ಟರ್‌ಗಳು ಇಪ್ಪತ್ತು ನಡೆ ಮುಂದೆ ನೋಡುತ್ತಾರೆ, ಉಳಿದವರು ಎರಡೇ ನಡೆ ನೋಡುತ್ತಾರೆ ಎಂಬುದು ಜನರ ನಂಬಿಕೆ. ಅವರಿಗೆ ಕಂಡದ್ದು ಹಾಗಿರಲಿಲ್ಲ. ಎಷ್ಟು ಆಳಕ್ಕೆ ಲೆಕ್ಕ ಹಾಕುತ್ತಾರೆ ಎಂಬುದರಲ್ಲಿ ಭಾರಿ ಅಂತರವಿರಲಿಲ್ಲ. ದೊಡ್ಡ ಆಟಗಾರರ ಕಣ್ಣು ಒಳ್ಳೆಯ ನಡೆಯ ಮೇಲೆಯೇ ಮೊದಲು ಬೀಳುತ್ತಿತ್ತು.

1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಇದನ್ನು ಇನ್ನೂ ಸ್ಪಷ್ಟ ಮಾಡಿದರು. (ಈ ಸೈಮನ್‌ಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಕಾಮರ್ಸ್‌ನವರಿಗೆ ಹೆಸರು ಪರಿಚಯ ಇರಬಹುದು.) ನಿಜವಾದ ಪಂದ್ಯವೊಂದರ ಬೋರ್ಡನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿ, ಕಾಯಿಗಳನ್ನು ಹಾಗೆಯೇ ಜೋಡಿಸಲು ಹೇಳಿದರು. ಮಾಸ್ಟರ್ ಸುಮಾರು ಹದಿನಾರು ಕಾಯಿಗಳನ್ನು ಸರಿಯಾಗಿ ಇಟ್ಟರೆ, ಹೊಸಬ ನಾಲ್ಕನ್ನು ಇಟ್ಟ. ಎಂಥ ನೆನಪಿನ ಶಕ್ತಿ ಅನ್ನಿಸುತ್ತದಲ್ಲ? ಮುಂದಿನ ಭಾಗ ಕೇಳಿ. ಅದೇ ಕಾಯಿಗಳನ್ನು ಮನಸ್ಸಿಗೆ ಬಂದಂತೆ ಚೆಲ್ಲಾಪಿಲ್ಲಿಯಾಗಿಟ್ಟು ತೋರಿಸಿದಾಗ ಮಾಸ್ಟರ್‌ಗೂ ಹೊಸಬನಿಗೂ ಹೆಚ್ಚು ವ್ಯತ್ಯಾಸವೇ ಉಳಿಯಲಿಲ್ಲ. ಅಂದರೆ ಮಾಸ್ಟರ್‌ನದು ಎಲ್ಲದಕ್ಕೂ ಒದಗುವ ಭಾರಿ ನೆನಪಲ್ಲ. ಸಾವಿರಾರು ಪಂದ್ಯಗಳಿಂದ ಅವನಿಗೆ ಕೆಲವು ಗುಂಪುಗಳು ಪರಿಚಿತ: ಕೋಟೆ ಕಟ್ಟಿಕೊಂಡ ರಾಜ, ಪಕ್ಕದಲ್ಲಿ ಆನೆ, ಮುಂದೆ ಮೂರು ಕಾಲಾಳು. ನಮಗೆ ಐದು ಕಾಯಿಯಾಗಿ ಕಾಣುವುದು ಅವನಿಗೆ ಒಂದು ಪದದ ಹಾಗೆ ಕಾಣುತ್ತದೆ. ‘ಧಾರವಾಡ’ ಎಂಬುದನ್ನು ನಾವು ಅಕ್ಷರ ಕೂಡಿಸಿ ಓದುವುದಿಲ್ಲವಲ್ಲ, ಹಾಗೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಯಾವ ಗ್ರ್ಯಾಂಡ್‌ಮಾಸ್ಟರೂ ಅಲ್ಲ, ಅಪ್ಪ. ಟಿಕೆಟ್ ಮಷಿನ್ ಬರುವ ಮೊದಲು, ಗದಗ–ಗಜೇಂದ್ರಗಡ ರೂಟಿನಲ್ಲಿ ಜನ ತುಂಬಿ ತುಳುಕುವ ಬಸ್ಸಿನಲ್ಲಿ ಅವರು ಕೆಲಸ ಮಾಡುವುದನ್ನು ನೋಡಿದ್ದೇನೆ. ಕೋಟುಮಚಗಿಯಲ್ಲಿ ಹತ್ತಿದವರು ಎಷ್ಟು, ನರೇಗಲ್‌ನಲ್ಲಿ ಇಳಿಯುವವರು ಎಷ್ಟು, ಯಾವ ಅಜ್ಜಿಗೆ ಹನ್ನೆರಡು ರೂಪಾಯಿ ಚಿಲ್ಲರೆ ಕೊಡಬೇಕು, ಯಾರು ಅರ್ಧ ಟಿಕೆಟ್ ತೆಗೆಸಿ ಹನ್ನೆರಡು ದಾಟಿದ ಮಗನನ್ನು ಕೂರಿಸಿಕೊಂಡಿದ್ದಾರೆ, ಎಲ್ಲವೂ ತಲೆಯಲ್ಲಿ. ಸ್ಟೇಜ್ ಬಂದಾಗ ವೇ ಬಿಲ್ ಬರೆಯುತ್ತಲೇ ‘ಹಿಂದಿನ ಸೀಟಿನ ನೀಲಿ ರುಮಾಲು, ನಿಮ್ಮ ಊರು ಬಂತ್ರೀ’ ಎನ್ನುತ್ತಿದ್ದರು. ಒಮ್ಮೆ ಅವರನ್ನು ಬೇರೆ ರೂಟಿಗೆ ಹಾಕಿದಾಗ ಮೊದಲ ವಾರವೆಲ್ಲ ಹೊಸ ಕಂಡಕ್ಟರ್‌ನಂತೆ ಒದ್ದಾಡಿದರಂತೆ. ಚೆಲ್ಲಾಪಿಲ್ಲಿ ಬೋರ್ಡಿನ ಮುಂದೆ ಕೂತ ಮಾಸ್ಟರ್‌ನ ಕಥೆಯೇ ಇದು. ಆದರೆ ನಲವತ್ತು ವರ್ಷ ಬಸ್ಸಿನಲ್ಲಿ ಆ ಕೆಲಸ ಮಾಡಿದವರನ್ನು ಯಾರೂ ಶಾಣ್ಯಾ ಅನ್ನಲಿಲ್ಲ. ಅವರ ಮಗಳು ಅರವತ್ನಾಲ್ಕು ಮನೆಯ ಹಲಗೆಯ ಮೇಲೆ ಅದೇ ಬಗೆಯ ಕೆಲಸ ಮಾಡಿದರೆ ಊರೆಲ್ಲ ಹೊಗಳಿತು. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ.

ಐಕ್ಯೂಗೂ ಚೆಸ್‌ಗೂ ಸಂಬಂಧವೇ ಇಲ್ಲವೇ ಎಂದರೆ, ಇದೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು 2016ರಲ್ಲಿ ಹೇಳಿದ ಪ್ರಕಾರ ಸಂಬಂಧ ಇದೆ, ಆದರೆ ದೊಡ್ಡದಲ್ಲ. ಮಕ್ಕಳಲ್ಲಿ, ಕಲಿಯುತ್ತಿರುವವರಲ್ಲಿ ಅದು ಹೆಚ್ಚು ಕಾಣುತ್ತದೆ. ದೊಡ್ಡವರಲ್ಲಿ, ಪಳಗಿದವರಲ್ಲಿ ಕಡಿಮೆ. ಚುರುಕು ಮಗು ನಿಯಮಗಳನ್ನು ಬೇಗ ಹಿಡಿಯುತ್ತದೆ, ಮೊದಲ ತಿಂಗಳು ಎಲ್ಲರನ್ನೂ ಸೋಲಿಸುತ್ತದೆ. ಆಮೇಲೆ ಏನಾಗುತ್ತದೆ ಎಂಬುದು ಬೇರೆ ಮಾತು. ಬ್ರಿಟನ್‌ನಲ್ಲಿ ಚೆಸ್ ಆಡುವ 57 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅದರಲ್ಲಿ ಆಟದಲ್ಲಿ ಮೇಲ್ಮಟ್ಟಕ್ಕೆ ಬಂದ ಮಕ್ಕಳನ್ನಷ್ಟೇ ಬೇರೆಯಾಗಿ ತೆಗೆದು ನೋಡಿದರೆ, ಐಕ್ಯೂ ಹೆಚ್ಚಿದ್ದವರು ಉಳಿದವರಿಗಿಂತ ಮುಂದಿರಲಿಲ್ಲ, ಬದಲಿಗೆ ಸ್ವಲ್ಪ ಹಿಂದಿದ್ದರು. ಕಾರಣ ಸರಳ: ಅವರು ಕಡಿಮೆ ಅಭ್ಯಾಸ ಮಾಡುತ್ತಿದ್ದರು. ನನ್ನ ಹದಿನಾಲ್ಕು ಮಕ್ಕಳ ಕ್ಲಾಸಿನಲ್ಲಿಯೂ ಇಂಥ ಇಬ್ಬರಿದ್ದಾರೆ. ಪಟಕ್ಕನೆ ಹೊಳೆಯುತ್ತದೆ, ಅದಕ್ಕೇ ಕೂತು ನೋಡುವುದಿಲ್ಲ.

ಅಭ್ಯಾಸದ ಮಾತು ಬಂದಾಗ ಹಂಗರಿಯ ಲಾಸ್ಲೊ ಪೋಲ್ಗಾರ್ ಹೆಸರು ಬರಲೇಬೇಕು. ಪ್ರತಿಭೆ ಹುಟ್ಟುವುದಲ್ಲ, ಬೆಳೆಸುವುದು ಎಂದು ಸಾಧಿಸಲು ತನ್ನ ಮೂವರು ಹೆಣ್ಣುಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿ ಚೆಸ್ ಕಲಿಸಿದವರು. ಕಿರಿಯವಳಾದ ಜುಡಿತ್ 1991ರಲ್ಲಿ, ಹದಿನೈದರ ಹರೆಯದಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದಳು, ಬಾಬಿ ಫಿಶರ್‌ನ ದಾಖಲೆ ಮುರಿದಳು. ಮುಂದೆ ವಿಶ್ವದ ಮೊದಲ ಹತ್ತರೊಳಗೆ ಬಂದಳು. ಕೇಳಲು ಚೆಂದ. ಆದರೆ ಮೂವರಿಗೂ ತಂದೆ-ತಾಯಿ ಅವರೇ ಅಲ್ಲವೇ? ಹುಟ್ಟಿನಿಂದ ಬಂದದ್ದೆಷ್ಟು, ಬೆಳೆಸಿದ್ದೆಷ್ಟು ಎಂದು ಅದೊಂದೇ ಮನೆಯಿಂದ ಹೇಗೆ ಹೇಳುವುದು? ಕೋಚಿಂಗ್ ಜಾಹೀರಾತುಗಳಲ್ಲಿ ರ‍್ಯಾಂಕ್ ಬಂದವರ ಫೋಟೊ ಮಾತ್ರ ನೋಡಿ ಅಭ್ಯಾಸವಾದ ನಮಗೆ ಈ ಅನುಮಾನ ಇರಬೇಕು.

ಇನ್ನು ಯಶಸ್ಸಿನ ವಿಷಯ. ಫಿಶರ್‌ನಿಂದಲೇ ಶುರು ಮಾಡೋಣ. 1972ರಲ್ಲಿ ಐಸ್‌ಲ್ಯಾಂಡ್‌ನ ರೇಕ್ಯಾವಿಕ್‌ನಲ್ಲಿ ಬೋರಿಸ್ ಸ್ಪಾಸ್ಕಿಯನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ. 1975ರಲ್ಲಿ ಪಟ್ಟ ಉಳಿಸಿಕೊಳ್ಳಲು ಆಡಲೇ ಇಲ್ಲ, ತನ್ನ ಷರತ್ತುಗಳನ್ನು ಪೂರ್ತಿ ಒಪ್ಪಲಿಲ್ಲ ಎಂದು. ಪಟ್ಟ ಗೆದ್ದ ಮೇಲೆ ಇಪ್ಪತ್ತು ವರ್ಷ ಪಂದ್ಯವಿಲ್ಲ. ಸ್ವದೇಶದ ಜೊತೆ ಜಗಳ, ಜಪಾನಿನಲ್ಲಿ ಬಂಧನ, ಕೊನೆಗೆ ಐಸ್‌ಲ್ಯಾಂಡ್ ಪೌರತ್ವ ಕೊಟ್ಟಿತು. 2008ರಲ್ಲಿ ಅಲ್ಲೇ ತೀರಿಕೊಂಡ. ವಯಸ್ಸು 64, ಬೋರ್ಡಿನ ಮನೆಗಳಷ್ಟೇ. ಹಾಗೆಂದು ಚೆಸ್ ಆಡಿದರೆ ತಲೆ ಕೆಡುತ್ತದೆ ಎನ್ನುವವರಿಗೆ ವಿಶ್ವನಾಥನ್ ಆನಂದ್ ಎದುರಿಗಿದ್ದಾರೆ. ಐದು ಬಾರಿ ವಿಶ್ವ ಚಾಂಪಿಯನ್, ಚೆನ್ನೈನಲ್ಲಿ ಬಿ.ಕಾಂ ಓದಿದವರು, ಸಂಸಾರವಂದಿಗ, ಇಂದಿಗೂ ಹುಡುಗರಿಗೆ ಮಾರ್ಗದರ್ಶಕ. ಇಬ್ಬರೂ ಚೆಸ್‌ನ ಶಿಖರ ಕಂಡವರೇ. ಬದುಕು ಎರಡು ತೆರ. ಆಟ ಒಂದೇ ಆಗಿರುವಾಗ ಈ ವ್ಯತ್ಯಾಸಕ್ಕೆ ಆಟ ಕಾರಣವಾಗಲಾರದು.

ನನಗೆ ಇವರಿಬ್ಬರಿಗಿಂತ ಹೆಚ್ಚು ಕಾಡುವವರು ಮೀರ್ ಸುಲ್ತಾನ್ ಖಾನ್. ಪಂಜಾಬಿನ ಹಳ್ಳಿಯವರು, ಉಮರ್ ಹಯಾತ್ ಖಾನ್ ಎಂಬ ದೊಡ್ಡ ಜಮೀನ್ದಾರರ ಆಶ್ರಯದಲ್ಲಿದ್ದವರು. ಮೊದಲು ಕಲಿತದ್ದು ನಮ್ಮ ದೇಶೀ ನಿಯಮಗಳ ಚದುರಂಗ. ವಿದೇಶಿ ನಿಯಮಗಳನ್ನು ಕಲಿತ ಕೆಲವೇ ವರ್ಷಗಳಲ್ಲಿ, 1929ರಲ್ಲಿ, ಬ್ರಿಟನ್ನಿನ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಆದರು. ನಡುವೆ ಹೇಸ್ಟಿಂಗ್ಸ್‌ನಲ್ಲಿ ಕಾಪಬ್ಲಾಂಕಾರಂಥ ಮಾಜಿ ವಿಶ್ವ ಚಾಂಪಿಯನ್ನನ್ನೇ ಸೋಲಿಸಿದರು. 1933ರಲ್ಲಿ ಜಮೀನ್ದಾರರು ಊರಿಗೆ ಮರಳಿದಾಗ ಇವರೂ ಮರಳಿದರು. ಅಲ್ಲಿಗೆ ದೊಡ್ಡ ಪಂದ್ಯಗಳು ಮುಗಿದವು. ಮುಂದೆ ಪಾಕಿಸ್ತಾನವಾದ ಸರ್ಗೋಧಾ ಕಡೆಯ ತಮ್ಮ ಹೊಲದಲ್ಲಿ ಬದುಕಿ 1966ರಲ್ಲಿ ತೀರಿಕೊಂಡರು. ವಿಶ್ವ ಚೆಸ್ ಸಂಸ್ಥೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ. ಅವರ ಆಟದಲ್ಲಿ ಕೊರತೆಯಿರಲಿಲ್ಲ. ಲಂಡನ್ನಿನಲ್ಲಿ ಉಳಿಯಲು ಬೇಕಾದ ದುಡ್ಡು, ಭಾಷೆ, ಸ್ವಂತ ನಿರ್ಧಾರದ ಅವಕಾಶ ಯಾವುದನ್ನೂ ಆಟ ಅವರಿಗೆ ಕೊಡಲಿಲ್ಲ. ನಮ್ಮಲ್ಲಿ ಕೆಲಸ ಸಿಗದ ಹುಡುಗರಿಗೆ ‘ಬುದ್ಧಿ ಸಾಲದು’ ಎನ್ನುವ ಹಿರಿಯರು ಈ ಕಥೆ ಕೇಳಬೇಕು.

ನಮ್ಮದೇ ನಾಡಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಇದ್ದರಲ್ಲ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ಅವರ ಕಾಲದ ಆಟಗಳ ಚಿತ್ರಗಳನ್ನು ಗೋಡೆಯ ಮೇಲೆ ನೋಡಿರಬಹುದು. ಕುದುರೆಯನ್ನು ಅರವತ್ನಾಲ್ಕು ಮನೆಗಳಿಗೂ ಒಂದೊಂದೇ ಸಲ ಹಾಯಿಸುವ ಒಗಟಿನಲ್ಲಿ ಅವರದು ಎತ್ತಿದ ಕೈ. ಆದರೆ 1831ರಲ್ಲಿ ಬ್ರಿಟಿಷರು ಅವರಿಂದ ರಾಜ್ಯದ ಆಡಳಿತವನ್ನೇ ಕಿತ್ತುಕೊಂಡರು. ಚದುರಂಗದ ರಾಜ ನಿಜವಾದ ರಾಜ್ಯ ಕಳೆದುಕೊಂಡ ಎಂದು ಹಾಸ್ಯ ಮಾಡುವುದು ಸುಲಭ. ಅದೇ ದೊರೆ ಮೂರು ದಶಕಕ್ಕೂ ಹೆಚ್ಚು ಕಾಲ ಪತ್ರ, ಮನವಿ ಎಂದು ಬೆನ್ನು ಬಿಡದೆ ಹೋರಾಡಿ, ದತ್ತು ಮಗನಿಗೆ ಮಾನ್ಯತೆ ಪಡೆದರು. ಅವರು 1868ರಲ್ಲಿ ತೀರಿಕೊಂಡರೂ 1881ರಲ್ಲಿ ರಾಜ್ಯ ಆ ಮಗನ ಕೈಗೆ ಮರಳಿತು. ಇದನ್ನು ‘ಚದುರಂಗ ಕಲಿಸಿದ ತಾಳ್ಮೆ’ ಎಂದು ಬರೆಯಲು ನನ್ನ ಕೈ ತುರಿಸುತ್ತದೆ. ಆದರೆ ಹಾಗೆ ಹೇಳಿದರೆ, 1831ರ ಸೋಲಿಗೂ ಚದುರಂಗವೇ ಹೊಣೆ ಎನ್ನಬೇಕಾಗುತ್ತದೆ.

ಮಕ್ಕಳ ವಿಷಯಕ್ಕೆ ಬರುತ್ತೇನೆ, ಅಂದರೆ ನನ್ನ ಬಾಡಿಗೆಯ ವಿಷಯಕ್ಕೆ. ಇಂಗ್ಲೆಂಡ್‌ನಲ್ಲಿ ನೂರು ಪ್ರಾಥಮಿಕ ಶಾಲೆಗಳನ್ನು ಆಯ್ದು ಒಂದು ದೊಡ್ಡ ಪ್ರಯೋಗ ಮಾಡಿದರು. ಚೀಟಿ ಎತ್ತಿದ ಹಾಗೆ ಕೆಲವು ಶಾಲೆಗಳಿಗೆ ಚೆಸ್ ಪಾಠ, ವರ್ಷದಲ್ಲಿ ಸುಮಾರು ಮೂವತ್ತು ಗಂಟೆ. ಉಳಿದ ಶಾಲೆಗಳು ಎಂದಿನಂತೆ. ಪಾಠ ಮುಗಿದು ಒಂದು ವರ್ಷದ ನಂತರ ಗಣಿತದ ಅಂಕ ನೋಡಿದರೆ ಎರಡೂ ಗುಂಪಿಗೆ ವ್ಯತ್ಯಾಸವಿಲ್ಲ. ಇದರ ವರದಿ ಬಂದದ್ದು 2016ರಲ್ಲಿ. ಚೆಸ್‌ನಿಂದ ಅಂಕ ಹೆಚ್ಚಿತು ಎನ್ನುವ ಅಧ್ಯಯನಗಳೂ ಇವೆ. ಆದರೆ ಅವುಗಳಲ್ಲಿ ಹಲವು, ಚೆಸ್ ಕಲಿತ ಮಕ್ಕಳನ್ನು ಏನೂ ಕಲಿಯದೆ ಸುಮ್ಮನಿದ್ದ ಮಕ್ಕಳ ಜೊತೆ ಹೋಲಿಸಿವೆ. ಹೊಸ ಮಾಸ್ತರ್, ಹೊಸ ಉತ್ಸಾಹ, ಎಲ್ಲರ ಗಮನ ಇದ್ದರೆ ತಬಲಾ ಕಲಿತವರೂ ಕೆಲ ದಿನ ಚುರುಕಾಗಿ ಕಾಣುತ್ತಾರೆ.

ಹೀಗಾಗಿ ‘ಶಾಣ್ಯಾ ಆಗ್ತಾನಲ್ರಿ?’ ಎಂಬ ಪ್ರಶ್ನೆಗೆ ನಾನು ಹೇಳುವುದು, ‘ಚೆಸ್ ಕಲಿತರ ಚೆಸ್ ಬರ್ತೈತ್ರಿ. ಗಣಿತಕ್ಕ ಗಣಿತನ ಓದಬೇಕು.’ ಕಳೆದ ಜೂನ್‌ನಲ್ಲಿ ಒಬ್ಬ ತಂದೆ ಇದನ್ನು ಕೇಳಿ, ‘ಹಂಗಾರ ಅಬಾಕಸ್‌ಗೆ ಹಾಕ್ತೀನ್ರಿ’ ಎಂದು ಮಗನ ಕೈ ಹಿಡಿದುಕೊಂಡು ಹೊರಟೇಬಿಟ್ಟರು. ತಿಂಗಳಿಗೆ ಎಂಟುನೂರು ರೂಪಾಯಿ ನನ್ನ ಕಣ್ಣೆದುರೇ ಮೆಟ್ಟಿಲಿಳಿದು ಹೋಯಿತು. ಹುಡುಗ ಮಾತ್ರ ತಿರುಗಿ ತಿರುಗಿ ಬೋರ್ಡ್ ನೋಡುತ್ತಿದ್ದ. ಮೂರು ಓಣಿ ದಾಟಿದರೆ ಇನ್ನೊಂದು ತರಗತಿ ಇದೆ. ಅದರ ಬೋರ್ಡಿನಲ್ಲಿ ಏಕಾಗ್ರತೆ, ನೆನಪಿನ ಶಕ್ತಿ, ಐಕ್ಯೂ ಎಲ್ಲ ಹೆಚ್ಚಿಸಿಕೊಡುವುದಾಗಿ ದೊಡ್ಡದಾಗಿ ಬರೆದಿದ್ದಾರೆ. ಅಲ್ಲಿ ಕೂರಲು ಜಾಗವಿಲ್ಲ.

ಹಾಗಾದರೆ ನೌಕರಿ ಹುಡುಕುವ ನಮ್ಮಂಥವರಿಗೆ ಚೆಸ್‌ನಿಂದ ಏನೂ ಇಲ್ಲವೇ? ನೇರ ಲಾಭ ಒಂದಿದೆ. ಅದು ಆಟವಾದ್ದರಿಂದ, ಆಟಗಾರರಿಗೆ ಕ್ರೀಡಾ ಕೋಟಾ ಇದೆ. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ಎಂ.ಎಸ್. ತೇಜಕುಮಾರ್ ರೈಲ್ವೆ ಉದ್ಯೋಗಿ. ಆದರೆ ಆ ಬಾಗಿಲು ಬಹಳ ಮೇಲ್ಮಟ್ಟದ ಆಟಗಾರರಿಗೆ. ಕಾಲೇಜು ತಂಡದಲ್ಲಿ ಆಡಿದ ನನ್ನಂಥವರಿಗೆ ಅದು ದೂರ.

ಪರೀಕ್ಷೆಯ ಹಾಲ್‌ನಲ್ಲಂತೂ ಚೆಸ್ ಅಭ್ಯಾಸ ಕೆಲವೊಮ್ಮೆ ಉಲ್ಟಾ ಹೊಡೆಯುತ್ತದೆ. ಚೆಸ್‌ನಲ್ಲಿ ಕಷ್ಟದ ಸ್ಥಿತಿ ಬಂದರೆ ಅಲ್ಲೇ ಕೂತು ಬಗೆಹರಿಸಬೇಕು, ‘ಇದನ್ನು ಬಿಟ್ಟು ಮುಂದಿನದು ನೋಡೋಣ’ ಎನ್ನುವಂತಿಲ್ಲ. ಎರಡು ಗಂಟೆಯಲ್ಲಿ ನೂರು ಪ್ರಶ್ನೆ, ತಪ್ಪಿದರೆ ಕಾಲು ಅಂಕ ಕಡಿತ ಎನ್ನುವ ಕಡೆ ಬಿಟ್ಟು ಮುಂದೆ ಹೋಗುವವರೇ ಗೆಲ್ಲುತ್ತಾರೆ. ನಮ್ಮ ರೂಮಿನ ಸಿಂಧನೂರಿನ ಗೆಳತಿ ಚೆಸ್ ಕಾಯಿಯನ್ನು ಕೈಯಲ್ಲೇ ಹಿಡಿದಿಲ್ಲ. ಯಾವ ಪ್ರಶ್ನೆ ತನ್ನದಲ್ಲ ಎಂದು ಹತ್ತು ಸೆಕೆಂಡಿನಲ್ಲಿ ಗುರುತಿಸುತ್ತಾಳೆ. ಮಾಕ್ ಟೆಸ್ಟ್‌ನಲ್ಲಿ ನಾಲ್ವರಲ್ಲಿ ಯಾವಾಗಲೂ ಅವಳೇ ಮುಂದೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಚೆಸ್‌ನಲ್ಲಿ ಎಲ್ಲ ಕಾಯಿಗಳೂ ಇಬ್ಬರಿಗೂ ಕಾಣುತ್ತವೆ, ನಡುವೆ ನಿಯಮ ಬದಲಾಗುವುದಿಲ್ಲ. ನಮ್ಮ ಆಟ ಹಾಗಿದೆಯೇ? ಅಧಿಸೂಚನೆ ಯಾವಾಗ ಬರುತ್ತದೆ ಗೊತ್ತಿಲ್ಲ. ಬಂದರೆ ಹುದ್ದೆ ಎಷ್ಟು ಉಳಿಯುತ್ತವೆ ಗೊತ್ತಿಲ್ಲ. ಪರೀಕ್ಷೆ ಬರೆದು, ಅದು ರದ್ದಾಗಿ, ಮರುಪರೀಕ್ಷೆಗೆ ಕಾಯುತ್ತಾ ವಯೋಮಿತಿ ಹತ್ತಿರವಾದವರು ಧಾರವಾಡದ ಓಣಿಓಣಿಯಲ್ಲಿ ಸಿಗುತ್ತಾರೆ. ಅವರಲ್ಲಿ ಯಾರೂ ದಡ್ಡರಲ್ಲ. ಬೋರ್ಡೇ ಅರ್ಧ ಮುಚ್ಚಿರುವಾಗ ನಾಲ್ಕು ನಡೆ ಮುಂದೆ ನೋಡುವುದು ಹೇಗೆ?

ಚೆಸ್‌ನಲ್ಲಿ ನನಗೆ ನಿಜವಾಗಿ ಇಷ್ಟವಾದ ಒಂದು ಕೆಲಸ ಇದೆ. ದೀರ್ಘ ಪಂದ್ಯಗಳಲ್ಲಿ ಪ್ರತಿ ನಡೆಯನ್ನೂ ಹಾಳೆಯಲ್ಲಿ ಬರೆಯುವುದು ಕಡ್ಡಾಯ. ಸೋತ ಮೇಲೆ ಆ ಹಾಳೆ ಕೈಯಲ್ಲೇ ಇರುತ್ತದೆ. ಅಂಪೈರ್ ಮೋಸ ಮಾಡಿದ, ಪಿಚ್ ಸರಿ ಇರಲಿಲ್ಲ ಎನ್ನಲು ಆಗುವುದಿಲ್ಲ. ಗೆದ್ದವನೇ ಎದುರಿಗೆ ಕೂತು ‘ಇಲ್ಲಿ ಆನೆ ಸರಿಸಿದ್ದರೆ ನಾನು ಕಷ್ಟದಲ್ಲಿದ್ದೆ’ ಎಂದು ತೋರಿಸುತ್ತಾನೆ. ಹೀಗೆ ಕೂರುವುದು ರೂಢಿಯಾದವರಿಗೆ ಮಾಕ್ ಟೆಸ್ಟ್‌ನ ತಪ್ಪು ಉತ್ತರಗಳನ್ನು ಬಿಡಿಸಿ ನೋಡುವುದು ಅಷ್ಟು ಕಹಿಯಾಗುವುದಿಲ್ಲ. ಆದರೆ ರಾತ್ರಿ ಹೊದಿಕೆಯೊಳಗೆ ಮೊಬೈಲ್‌ನಲ್ಲಿ ಮೂರು ಮೂರು ನಿಮಿಷದ ನಲವತ್ತು ಆಟ ಆಡಿ, ಸೋತ ತಕ್ಷಣ ‘ಇನ್ನೊಂದು’ ಒತ್ತುವವರಿಗೆ ಇದು ಬರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಹದಿನೆಂಟರ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಹಾಸ್ಟೆಲ್‌ಗಳಲ್ಲಿ ಇಂಥವರು ಬಹಳ. ಆನ್‌ಲೈನ್ ರೇಟಿಂಗ್ ಐವತ್ತು ಇಳಿದರೆ ಮರುದಿನ ಕ್ಲಾಸಿಗೇ ಹೋಗದ ಜೂನಿಯರ್ ಒಬ್ಬನನ್ನು ಬಲ್ಲೆ. ಆ ಸಂಖ್ಯೆಯ ಲೆಕ್ಕಾಚಾರಕ್ಕೆ ಬುನಾದಿ ಹಾಕಿದ ಅರ್ಪಾಡ್ ಈಲೊ ಭೌತವಿಜ್ಞಾನದ ಪ್ರಾಧ್ಯಾಪಕ. ಇನ್ನೊಬ್ಬ ಆಟಗಾರನ ಮುಂದೆ ನೀವು ಎಷ್ಟು ಅಂಕ ಗಳಿಸಬಹುದು ಎಂದು ಅಂದಾಜು ಮಾಡಲು ಅದನ್ನು ರೂಪಿಸಿದರು. ನಿಮ್ಮ ಮಿದುಳನ್ನು ತೂಗಲು ಅಲ್ಲ.

ಇತ್ತೀಚೆಗೆ ಒಂದು ಖಾಸಗಿ ಸಂಸ್ಥೆಯ ಇಂಟರ್‌ವ್ಯೂಗೆ ಹೋಗಿದ್ದೆ. ಬಯೋಡೇಟಾದಲ್ಲಿ ಚೆಸ್ ಎಂದಿದ್ದನ್ನು ನೋಡಿ ಒಬ್ಬರ ಮುಖ ಅರಳಿತು. ‘ಹಾಗಾದರೆ ಸಮಸ್ಯೆ ಬಗೆಹರಿಸೋದರಲ್ಲಿ ನೀವು ಎಕ್ಸ್‌ಪರ್ಟ್ ಅನ್ನಿ’ ಎಂದರು. ಹೌದೆಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ‘ಚೆಸ್ ಸಮಸ್ಯೆಗಳಲ್ಲಿ ಪರವಾಗಿಲ್ಲ ಸರ್. ನಿಮ್ಮ ಆಫೀಸಿನ ಸಮಸ್ಯೆ ಒಂದನ್ನು ಕೊಟ್ಟು ನೋಡಿ’ ಎಂದೆ. ಅವರು ನಿಜವಾಗಿಯೂ ಕೊಟ್ಟರು. ಮೂರು ತಿಂಗಳ ಬಾಕಿ ವಸೂಲಿಯ ಪಟ್ಟಿ ಅದು, ಎಲ್ಲಿಂದ ಶುರು ಮಾಡುತ್ತೀರಿ ಎಂದು ಕೇಳಿದರು. ಇಪ್ಪತ್ತು ನಿಮಿಷ ಅದರ ಮೇಲೆಯೇ ಮಾತಾಯಿತು. ಬಿ.ಕಾಂನಲ್ಲಿ ಓದಿದ್ದು, ಅಪ್ಪನ ಜೊತೆ ಚಿಲ್ಲರೆ ಲೆಕ್ಕ ಹಾಕಿದ್ದು, ಬಾಕಿದಾರರ ಜೊತೆ ಹೇಗೆ ಮಾತಾಡಬೇಕೆಂದು ಕಾಕಾನ ಮನೆಯಲ್ಲಿ ಕಂಡದ್ದು ಎಲ್ಲವೂ ಉಪಯೋಗಕ್ಕೆ ಬಂತು. ಚೆಸ್‌ನ ನೆನಪು ಒಂದು ಸಲವೂ ಬರಲಿಲ್ಲ. ಫಲಿತಾಂಶವನ್ನು ಮೇಲ್ ಮಾಡುತ್ತೇವೆ ಎಂದಿದ್ದಾರೆ.

ಈ ಭಾನುವಾರ ಕ್ಲಾ‌ಸಿಗೆ ಹೊಸ ಹುಡುಗಿ ಬಂದಳು. ಅವಳ ತಾಯಿ ತರಕಾರಿ ಮಾರುವವರು. ನನ್ನ ಎಂದಿನ ಉತ್ತರವನ್ನು ಪೂರ್ತಿ ಕೇಳಿಸಿಕೊಂಡು ಹೇಳಿದರು: ‘ಶಾಣ್ಯಾ ಆಗೂದು ಇರ್ಲಿ ಬಿಡ್ರಿ ಅಕ್ಕಾರ. ಎರಡು ತಾಸು ಮೊಬೈಲ್ ಬಿಟ್ಟು ಒಂದ್ ಕಡೆ ಕುಂದ್ರತಾಳಲ್ಲ?’

ಕುಂದ್ರತಾಳ್ರಿ ಎಂದೆ. ಅದಕ್ಕೆ ನಾನು ಗ್ಯಾರಂಟಿ ಕೊಡಬಲ್ಲೆ.